ಮೂಳೆಯ ಔಷಧ, ದವಡೆಯ ಗಾಯ

ಬನಶಂಕರಿಯ ಹಿರಿಯ ತಾಯಿಯೊಬ್ಬರು ಒಸಡಿನ ನೋವೆಂದು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಎರಡು ತಿಂಗಳ ಹಿಂದೆ ಕೆಳದವಡೆಯ ಹಲ್ಲೊಂದನ್ನು ಕೀಳಿಸಿದ್ದು, ಗಾಯ ಮಾಯದೆ ಉಳಿದಿತ್ತು. 'ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ತಾಯಿ?' ಎಂದು ಕೇಳಿದೆವು. 'ಬಿ.ಪಿ. ಮಾತ್ರೆ ಒಂದೇ, ಡಾಕ್ಟ್ರೇ' ಎಂದರು. ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ ಕಳುಹಿಸಿದೆವು. ಮೂರು ವಾರಗಳ ಬಳಿಕ ಅವರು ಮರಳಿ ಬಂದಾಗ ಗಾಯದ ತಳದಲ್ಲಿ ಮೂಳೆಯೇ ಬರಿಗಣ್ಣಿಗೆ ಕಾಣುತ್ತಿತ್ತು. ಜೊತೆಗಿದ್ದ ಮಗಳು ಆಗ ನೆನಪಿಸಿಕೊಂಡರು: 'ಮೂರು ವರ್ಷದಿಂದ ಅಮ್ಮನಿಗೆ ವರ್ಷಕ್ಕೊಂದು ಸಲ ಮೂಳೆಗೆಂದು ಡ್ರಿಪ್ ಹಾಕಿಸುತ್ತಿದ್ದೇವೆ.'

ವರ್ಷಕ್ಕೊಮ್ಮೆಯ ಡ್ರಿಪ್ ಆ ತಾಯಿಯ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. ಹಲ್ಲು ಕಿತ್ತವರು ಅದನ್ನು ವಿಚಾರಿಸಿರಲಿಲ್ಲ. ನಾವು ಕೇಳಿದ್ದೂ ಮಾತ್ರೆಯನ್ನು ಮಾತ್ರ. ಆ ಮೂರು ವಾರಗಳ ವಿಳಂಬ ನಮ್ಮ ತಪ್ಪು. ಅದೇ ಈ ಬರಹಕ್ಕೆ ಕಾರಣ.

ಮೂಳೆಯು ಸದಾ ಕರಗುತ್ತ, ಸದಾ ಕಟ್ಟಿಕೊಳ್ಳುತ್ತ ಇರುವ ಜೀವಂತ ಧಾತು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆಯ ಝೊಲೆಡ್ರೊನಿಕ್ ಆಮ್ಲದ ಡ್ರಿಪ್, ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಇವೆಲ್ಲ ಮೂಳೆ ಕರಗಿಸುವ ಜೀವಕೋಶಗಳನ್ನು ತಡೆಯುತ್ತವೆ. ಮೂಳೆ ಸವೆತಕ್ಕೆ ಇದು ಒಳ್ಳೆಯ ಉಪಾಯ. ಆದರೆ ಹಲ್ಲು ಕಿತ್ತ ದವಡೆಯು ಹಳೆಯ ಮೂಳೆಯನ್ನು ಕರಗಿಸಿ ಹೊಸದನ್ನು ಕಟ್ಟಿಯೇ ಮಾಯಬೇಕು. ಆ ಕೆಲಸ ನಿಧಾನವಾದಾಗ, ತೆಳುವಾದ ಒಸಡಿನಡಿಯ ಮೂಳೆಗೆ ಬಾಯಿಯ ಸೋಂಕು ತಗುಲಿ, ಒಂದಿಷ್ಟು ಭಾಗ ಸಾಯಬಹುದು. ಎಂಟು ವಾರ ಮೀರಿಯೂ ಮೂಳೆ ತೆರೆದೇ ಇದ್ದರೆ ವೈದ್ಯರು ಈ ರೋಗವನ್ನು ಶಂಕಿಸುತ್ತಾರೆ. ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಇಂತಹ 36 ರೋಗಿಗಳ ವರದಿ ನೀಡಿ ಲೋಕದ ಗಮನ ಸೆಳೆದರು.

ಹಿಂದೆಯೂ ದವಡೆಗೆ ಇಂತಹ ಆಪತ್ತು ಒದಗಿತ್ತು. 19ನೆಯ ಶತಮಾನದ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಆವಿಯಿಂದ ಕಾರ್ಮಿಕರ ದವಡೆ ಕೊಳೆಯುತ್ತಿತ್ತು. 1906ರ ಬರ್ನ್ ಒಪ್ಪಂದ ಹಾಗೂ ನಮ್ಮ ದೇಶದ 1913ರ ಕಾಯಿದೆ ಆ ರಂಜಕವನ್ನೇ ನಿಷೇಧಿಸಿದವು. ಅದು ವಿಷ, ನಿಷೇಧ ಸಾಧ್ಯವಾಯಿತು. ಇದು ಬೇಕಾದ ಔಷಧ; ಇಲ್ಲಿ ಬೇಕಿರುವುದು ಎಚ್ಚರ.

ಈ ಸುದ್ದಿ ಕೇಳಿದ ಕೆಲವರು 'ಇಂಗ್ಲಿಷ್ ಔಷಧ ಬಿಟ್ಟುಬಿಡುತ್ತೇವೆ, ನೀವೇ ಏನಾದರೂ ಚೂರ್ಣ ಕೊಡಿ' ಎನ್ನುತ್ತಾರೆ. ಇದಕ್ಕೆ ನಾವು ಒಪ್ಪುವುದಿಲ್ಲ. ಮೂಳೆ ಸವೆತಕ್ಕೆ ಮಾತ್ರೆ ಸೇವಿಸುವವರಲ್ಲಿ ಈ ತೊಂದರೆ ಸಾವಿರಕ್ಕೆ ಒಬ್ಬರಿಗಿಂತಲೂ ಕಡಿಮೆ. ಕ್ಯಾನ್ಸರ್ ಮೂಳೆಗೆ ಹರಡಿ, ಹೆಚ್ಚಿನ ಪ್ರಮಾಣದಲ್ಲಿ ಮತ್ತೆ ಮತ್ತೆ ಔಷಧ ಪಡೆಯುವವರಲ್ಲಿ ಮಾತ್ರ ಅದು ನೂರಕ್ಕೆ ಕೆಲವರ ಮಟ್ಟಕ್ಕೆ ಏರುತ್ತದೆ. ಸೊಂಟದ ಮೂಳೆ ಮುರಿದ ಹಿರಿಯರು ಹಾಸಿಗೆ ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಡೆನೊಸುಮ್ಯಾಬ್ ಅನ್ನು ವೈದ್ಯರಿಗೆ ತಿಳಿಸದೆ ನಿಲ್ಲಿಸಿದರೆ ಬೆನ್ನುಮೂಳೆಗಳು ಮುರಿಯುವ ಭಯವೂ ಉಂಟು. ಅಂತಹ ಔಷಧದ ಸ್ಥಾನವನ್ನು ನಮ್ಮ ಚೂರ್ಣ ತುಂಬುತ್ತದೆಂದು ಹೇಳುವುದು ವೈದ್ಯಧರ್ಮವಲ್ಲ.

ಹಾಗಾದರೆ ಮಾಡಬೇಕಾದುದೇನು? ಮೂಳೆಯ ಔಷಧ ಆರಂಭಿಸುವ ಮುನ್ನವೇ ಹಲ್ಲುಗಳನ್ನು ಪರೀಕ್ಷಿಸಿಕೊಳ್ಳಬೇಕು. ಕೀಳಲೇಬೇಕಾದ ಹಲ್ಲಿದ್ದರೆ ಕೀಳಿಸಿ, ಗಾಯ ಮಾದ ಬಳಿಕ ಔಷಧ ಆರಂಭಿಸುವುದು ಲೇಸು. ಈಗಾಗಲೇ ಆರಂಭಿಸಿದ್ದರೆ, ಕೊನೆಯ ಡ್ರಿಪ್ ಅಥವಾ ಇಂಜೆಕ್ಷನ್ನಿನ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹಲ್ಲಿನ ವೈದ್ಯರಿಗೆ ತೋರಿಸಬೇಕು. ಹಿಂದೆ ತೆಗೆದುಕೊಂಡು ನಿಲ್ಲಿಸಿದ್ದರೂ ತಿಳಿಸಬೇಕು. ಕೆಲವು ಔಷಧಗಳು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹಲ್ಲಿನ ಸೆಟ್ಟು ಒತ್ತಿ ಗಾಯವಾದರೆ ಸರಿಪಡಿಸಿಕೊಳ್ಳಬೇಕು. ಕೀವು, ಅಲುಗುವ ಹಲ್ಲು, ಕೆಳತುಟಿಯ ಜೋಮು ಕಂಡರೆ ಲವಂಗದೆಣ್ಣೆ ಹಚ್ಚುತ್ತ ಕೂರದೆ ಪರೀಕ್ಷೆಗೆ ಹೋಗಬೇಕು. ದಕ್ಷಿಣ ಬೆಂಗಳೂರಿನವರಿಗೆ ಜೆ.ಪಿ. ನಗರದ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ದಂತ ಕಾಲೇಜು ಹತ್ತಿರದಲ್ಲಿಯೇ ಇವೆ.

ಸುಶ್ರುತರು ಮೂಳೆಗಳನ್ನು ಐದು ಬಗೆಯಾಗಿ ವಿಂಗಡಿಸಿ, ಹಲ್ಲುಗಳನ್ನು 'ರುಚಕ' ಎಂಬ ಬಗೆಯ ಮೂಳೆಯಾಗಿಯೇ ಎಣಿಸಿದ್ದಾರೆ. ಮೂಳೆಗೆ ಔಷಧ ಕೊಡುವವರು ಬಾಯಿಯನ್ನು ನೋಡದಿರುವುದು, ಹಲ್ಲು ಕೀಳುವವರು ಮೂಳೆಯ ಔಷಧವನ್ನು ಕೇಳದಿರುವುದು ಇಂದಿನ ವೈದ್ಯದ ಲೋಪ. ಆಯುರ್ವೇದದವರಾದ ನಾವೂ ಅದರಿಂದ ಹೊರತಲ್ಲ.

ಆ ತಾಯಿಯನ್ನು ದವಡೆಯ ಶಸ್ತ್ರವೈದ್ಯರ ಬಳಿಗೆ ಕಳುಹಿಸಿದೆವು. ಗಾಯ ಮುಚ್ಚಲು ಹಲವು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮಲ್ಲಿಗೆ ಬರುವ ಹಿರಿಯರನ್ನು ನಾವು ಕೇಳುವ ಪ್ರಶ್ನೆ ಬದಲಾಗಿದೆ: 'ವಾರಕ್ಕೋ, ತಿಂಗಳಿಗೋ, ವರ್ಷಕ್ಕೋ ಒಮ್ಮೆ ಮೂಳೆಗೆಂದು ಏನಾದರೂ ತೆಗೆದುಕೊಳ್ಳುತ್ತೀರಾ?' ಓದುಗ ಬಂಧುಗಳು ತಮ್ಮ ಮನೆಯ ಹಿರಿಯರನ್ನು ಇಂದೇ ಈ ಪ್ರಶ್ನೆ ಕೇಳಲಿ ಎಂಬುದು ನಮ್ಮ ಪ್ರಾರ್ಥನೆ.