ತಿಜೋರಿಗೂ ಒಂದು ಪರೀಕ್ಷೆ

ಪರೀಕ್ಷೆಯೆಂಬುದು ವಿದ್ಯಾರ್ಥಿಗಳಾದ ನಮಗೆ ಮಾತ್ರ ವಿಧಿಸಿದ ಶಿಕ್ಷೆಯೆಂದು ನಾನು ಬಹುಕಾಲ ನಂಬಿದ್ದೆ. ಕಳೆದ ದಸರಾ ರಜೆಯಲ್ಲಿ ಕಾಗದನಗರದ ನಮ್ಮ ಮನೆಯ ಮೇಜಿನ ಮೇಲೆ ಒಂದು ತಿಜೋರಿಯೇ ಪರೀಕ್ಷೆಗೆ ಕುಳಿತುದನ್ನು ಕಂಡ ಮೇಲೆ ಆ ನಂಬಿಕೆ ಸಡಿಲವಾಯಿತು. ಹಣದ ಬೀಗವನ್ನು ಗಣಕಯಂತ್ರದ ಕೈಗೊಪ್ಪಿಸುವ ಮೊದಲು ಅದರ ಒಂದೊಂದು ಭಾಗವನ್ನೂ, ಹಣ ಯಾರದೋ ಅವರ ಕಣ್ಣೆದುರಿಗೇ ಪರೀಕ್ಷಿಸತಕ್ಕದ್ದು ಎಂಬುದು ಈಗ ನನ್ನ ಅಭಿಪ್ರಾಯ. ಇದು ವಿಜ್ಞಾನದವರ ವಿಷಯ, ಕಲಾ ಕಾಲೇಜಿನ ಸಂಚಿಕೆಯಲ್ಲೇಕೆ ಎಂದು ಅಧ್ಯಾಪಕರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಬೇಡಿಕೊಳ್ಳುತ್ತೇನೆ.

ಭದ್ರಾವತಿಯ ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದುದು. ಅದನ್ನು ನೆಚ್ಚಿ ಬೆಳೆದ ಬಡಾವಣೆಯೇ ನಮ್ಮ ಕಾಗದನಗರ. 2015ರಲ್ಲಿ ಯಂತ್ರಗಳು ನಿಂತವು. ಸಂಬಳದ ದಿನವೆಂಬುದೇ ಇಲ್ಲವಾದ ಮನೆಗಳಲ್ಲಿ ಹೆಂಗಸರ ಉಳಿತಾಯ ಸಂಘಕ್ಕೆ ಎಂತಹ ತೂಕ ಬರುತ್ತದೆಂಬುದನ್ನು ಅರ್ಥಶಾಸ್ತ್ರದ ಪುಸ್ತಕ ತೆರೆಯದೆಯೇ ಊಹಿಸಬಹುದು. ನನ್ನ ತಾಯಿಯ ಸಂಘದ ವಾರದ ಹಣ ಬ್ಯಾಂಕು ಸೇರುವವರೆಗೆ ನಮ್ಮ ಮಂಚದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತದೆ. ಅದಕ್ಕೆ ಎರಡು ಬೀಗ; ಬೀಗದ ಕೈಗಳು ಇಬ್ಬರು ಪ್ರತಿನಿಧಿಗಳ ಸೆರಗಿನ ಗಂಟಿನಲ್ಲಿ. ಪಾಲಿಟೆಕ್ನಿಕ್ಕಿನಲ್ಲಿ ಓದುವ ನನ್ನ ತಮ್ಮನಿಗೆ ಇದು ಓಬೀರಾಯನ ಕಾಲದ್ದೆಂದು ಕಂಡಿತು. ಅಂಕಿಗಳನ್ನು ಒತ್ತಿದರೆ ತೆರೆಯುವ, ತೆರೆದ ಹೊತ್ತನ್ನೂ ಬರೆದಿಡುವ ತಿಜೋರಿ ಮಾಡಿಕೊಡುವೆನೆಂದು ಹಟ ಹಿಡಿದ.

ಪೊಟ್ಟಣ ಬಂದ ದಿನ ಅವನು, "ಅಕ್ಕಾ, ನೀನು ಆರ್ಟ್ಸು. ಪಟ್ಟಿ ಬರೆದುಕೊಂಡರೆ ಸಾಕು" ಎಂದ. ಬರೆದುಕೊಂಡೆ. ಅಂಗೈಯಗಲದ ಆರ್ಡುಯಿನೋ ಹಲಗೆ, ಹದಿನಾರು ಗುಂಡಿಗಳ ಕೀಲಿಮಣೆ, ಎರಡು ಸಾಲಿನ ಅಕ್ಷರಫಲಕ, ಗಡಿಯಾರದ ತುಣುಕು, ರಿಲೇ, 12 ವೋಲ್ಟಿನ ಸೊಲೆನಾಯ್ಡ್ ಬೀಗ, ಅಡಾಪ್ಟರು, ಭತ್ತದ ಕಾಳಿನಷ್ಟು ದೊಡ್ಡ ಡಯೋಡುಗಳು. ತಮ್ಮನಿಗೆ ಎಲ್ಲವನ್ನೂ ಆ ಗಳಿಗೆಯಲ್ಲೇ ಜೋಡಿಸಿಬಿಡುವ ಆತುರ. ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ದೊಡ್ಡಪ್ಪ ತಡೆದರು. "ಜೋಡಿಸಿದ ಮೇಲೆ ಕೆಟ್ಟದ್ದು ಯಾವುದು ಅಂತ ಹುಡುಕೋದು ಕಷ್ಟ ಕಣೋ. ಒಂದೊಂದನ್ನೇ ನೋಡು" ಎಂದು ತಮ್ಮ ಹಳೆಯ ಮಲ್ಟಿಮೀಟರನ್ನು ಮೇಜಿನ ಮೇಲಿಟ್ಟರು.

ಅಡಾಪ್ಟರು ಸರಿಯಿತ್ತು. ಕೀಲಿಮಣೆಗೆ ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲು, ಒಟ್ಟು ಎಂಟು ತಂತಿ. ಒಂದು ಗುಂಡಿಯನ್ನು ಒತ್ತಿದರೆ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ಕೂಡಿಕೊಂಡು ಮೀಟರು ಕೂಗಬೇಕು. ಹದಿನೈದು ಗುಂಡಿಗಳಿಗೆ ಕೂಗಿತು, ಎಂಟಕ್ಕೆ ಕೂಗಲಿಲ್ಲ. ಗುಟ್ಟಿನ ಸಂಖ್ಯೆಯಲ್ಲಿ ಒಂದು ಎಂಟು ಇದ್ದಿದ್ದರೆ ಸಂಘದ ಹಣಕ್ಕೆ ಗರಗಸವೇ ಗತಿಯಾಗುತ್ತಿತ್ತು. ಅಕ್ಷರಫಲಕ ಮಾತ್ರ ಬೇರೆ ಆಟ ಆಡಿತು: ಬೆಳಕಿದೆ, ಅಕ್ಷರವಿಲ್ಲ. ತಮ್ಮ ಅದನ್ನು ಹಿಂದಕ್ಕೆ ಕಳುಹಿಸಲು ಸಿದ್ಧನಾದ. ದೊಡ್ಡಪ್ಪ ಬೆನ್ನಿನ ಮೇಲಿದ್ದ ಸಣ್ಣ ತಿರುಪನ್ನು ಅರ್ಧ ಸುತ್ತು ತಿರುಗಿಸಿದರು, ಅಕ್ಷರ ಮೂಡಿತು! ಸೊಲೆನಾಯ್ಡಿಗೆ ಬೇಕಾದ ವಿದ್ಯುತ್ತು ಅರ್ಧ ಆಂಪಿಯರಿಗಿಂತ ಹೆಚ್ಚು. ಹಲಗೆಯ ಒಂದು ಕಾಲು ಕೊಡಬಲ್ಲದ್ದು ಬಹಳವೆಂದರೆ 40 ಮಿಲಿ ಆಂಪಿಯರು. ಅದಕ್ಕಾಗಿಯೇ ನಡುವೆ ರಿಲೇ. ವಿದ್ಯುತ್ತು ಕಡಿದಾಗ ಸುರುಳಿ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಾಳಿಕೊಳ್ಳಲು ಡಯೋಡು.

ಎಲ್ಲವೂ ತೇರ್ಗಡೆಯಾಯಿತೆಂದು (ಎಂಟೊಂದನ್ನು ಬಿಟ್ಟು) ನಾವು ಹಿಗ್ಗುತ್ತಿದ್ದಾಗ ಅಮ್ಮ ಒಲೆಯ ಮುಂದಿನಿಂದ ಕೇಳಿದರು: "ಕರೆಂಟು ಹೋದರೆ?"

"ಹೋದರೆ ಬೀಗ ಹಾಕಿಕೊಂಡೇ ಇರತ್ತಮ್ಮ. ನಾಲಗೆಯನ್ನು ಸ್ಪ್ರಿಂಗು ಹಿಡಿದಿರತ್ತೆ. ತೆಗೆಯೋದಕ್ಕೇ ಕರೆಂಟು ಬೇಕು."

"ಮತ್ತೆ ವಾಪಸು ಬಂದರೆ?"

ತಮ್ಮನಲ್ಲಿ ಉತ್ತರವಿರಲಿಲ್ಲ. ತಾತ್ಕಾಲಿಕವಾಗಿ ತಂತಿ ಸೇರಿಸಿ, ಪ್ಲಗ್ಗು ಕಿತ್ತು, ಮತ್ತೆ ಹಾಕಿದ. ಟಕ್! ಬೀಗದ ನಾಲಗೆ ಒಳಕ್ಕೆ ಸರಿದು, ಅರೆಕ್ಷಣ ನಿಂತು, ಹೊರಕ್ಕೆ ಬಂತು. ಯಾರೂ ಒಂದು ಅಂಕಿಯನ್ನೂ ಒತ್ತಿರಲಿಲ್ಲ. ಬಾಗಿಲ ಹಿಡಿಯನ್ನು ಎಳೆದು ನಿಂತವನಿಗೆ ಆ ಅರೆಕ್ಷಣ ಸಾಲದೆ? ಕಾರಣವನ್ನು ಹುಡುಕಲು ಸಂಜೆಯಾಯಿತು. ಆ ರಿಲೇ, ಸಂಕೇತದ ವೋಲ್ಟೇಜು ಇಳಿದಾಗ ಕೆಲಸ ಮಾಡುವ ಜಾತಿಯದು. ಹಲಗೆ ಎಚ್ಚರಗೊಂಡಾಗ ಆ ಕಾಲನ್ನು ಮೊದಲು ಮೇಲಕ್ಕೆತ್ತಿ ಹಿಡಿಯಬೇಕಿತ್ತು. ನನ್ನ ತಮ್ಮ ಹಾಗೆ ಮಾಡದೆ ಮೊದಲು ಫಲಕದ ಮೇಲೆ ಸ್ವಾಗತದ ಮಾತು ಬರೆಯುವಂತೆ ಕ್ರಮವಿಧಿ ರಚಿಸಿದ್ದ. ಕಳ್ಳನಿಗೂ ಅದೇ ಸ್ವಾಗತ! ಎರಡು ಸಾಲು ಹಿಂದುಮುಂದು ಮಾಡಿ, 10 ಕಿಲೋ ಓಮಿನ ರೆಸಿಸ್ಟರೊಂದನ್ನು ಸೇರಿಸಿದ ಮೇಲೆ ಸದ್ದು ನಿಂತಿತು.

ನಾನು ಹೇಳಹೊರಟದ್ದು ಇದನ್ನೇ. ದೊಡ್ಡಪ್ಪನ ಮೀಟರು ಭಾಗಗಳ ದೋಷವನ್ನು ಹಿಡಿಯಿತು. ತಿಜೋರಿಯ ದೋಷವನ್ನು ಹಿಡಿದದ್ದು ಹಣದ ಚಿಂತೆಯಿದ್ದವರ ಪ್ರಶ್ನೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾಗುವ ಮತಯಂತ್ರವನ್ನು ಇಂಜಿನಿಯರುಗಳು ಪರೀಕ್ಷಿಸಿರುತ್ತಾರೆ. ಆದರೂ ಮತದಾನದ ಬೆಳಿಗ್ಗೆ ಅಭ್ಯರ್ಥಿಗಳ ಏಜೆಂಟರ ಎದುರಿಗೆ ಕನಿಷ್ಠ 50 ಅಣಕು ಮತಗಳನ್ನು ಹಾಕಿ ತೋರಿಸುವ ನಿಯಮವಿದೆ. ಏಜೆಂಟರಿಗೆ ರಿಲೇ ಗೊತ್ತಿರಬೇಕಾಗಿಲ್ಲ. ಅಂಗಡಿಯಿಂದ ಸಿದ್ಧ ತಿಜೋರಿ ಕೊಳ್ಳುವ ಸಂಘವಾದರೂ ಇಷ್ಟನ್ನು ಕೇಳಿ ಪಡೆಯಬಹುದು: ಎಲ್ಲ ಗುಂಡಿಗಳನ್ನೂ ಒತ್ತಿ ತೋರಿಸಿ, ಪ್ಲಗ್ಗು ಕಿತ್ತು ಹಾಕಿ ತೋರಿಸಿ, ಬ್ಯಾಟರಿ ಸತ್ತರೆ ಕೈಯಿಂದ ತೆರೆಯುವ ದಾರಿ ತೋರಿಸಿ.

ಇನ್ನೊಂದು ಸಂಶಯ ಉಳಿದಿದೆ. ಖಜಾನೆಯ ಭದ್ರಕೋಣೆಗೆ ಎರಡು ಬೀಗ, ಬ್ಯಾಂಕಿನ ಲಾಕರಿಗೆ ಎರಡು ಕೈ. ನಮ್ಮ ಮಂಚದ ಕೆಳಗಿನ ಪೆಟ್ಟಿಗೆಯೂ ಅದೇ ವಂಶದ್ದು. ತಮ್ಮನ ತಿಜೋರಿಯಲ್ಲಿ ನಾಲ್ಕು ಅಂಕಿ ಬಲ್ಲ ಒಬ್ಬರೇ ಸಾಕು. ಎರಡು ಬೀಗಗಳನ್ನು ಹಳೆಯದೆಂದು ತೆಗೆದುಹಾಕುವ ಬುದ್ಧಿವಂತಿಕೆಯನ್ನು ನಾನು ಒಪ್ಪಲಾರೆ. ಇಬ್ಬರು ಪ್ರತಿನಿಧಿಗಳು ಬೇರೆ ಬೇರೆ ಸಂಖ್ಯೆ ಒತ್ತಿದ ಮೇಲೆಯೇ ತೆರೆಯುವಂತೆ ಮಾಡೆಂದು ಹೇಳಿದ್ದೇನೆ. ಮುಖ ಗಂಟಿಕ್ಕಿಕೊಂಡು ಮಾಡುತ್ತಿದ್ದಾನೆ. ಹಳೆಯ ಪೆಟ್ಟಿಗೆಯನ್ನು ಪೂಜಿಸಬೇಕೆಂದು ನನ್ನ ವಾದವಲ್ಲ. ಅದನ್ನು ಯಾವಾಗ ತೆರೆದರೆಂದು ಅದು ಹೇಳುವುದಿಲ್ಲ, ಇದು ಹೇಳುತ್ತದೆ.

ಎಂಟು ಬಾರದ ಕೀಲಿಮಣೆ ಹಿಂದಕ್ಕೆ ಹೋಗಿದೆ. ಬದಲಿ ಬಂದ ಮೇಲೆ ಸಂಘದ ಸಭೆಯಲ್ಲಿ ಹೆಂಗಸರೆಲ್ಲರ ಮುಂದೆ ಪ್ಲಗ್ಗನ್ನು ಹತ್ತು ಸಲ ಕಿತ್ತು ಹಾಕುವುದೆಂದು ಗೊತ್ತಾಗಿದೆ. ಕೀಳುವ ಕೆಲಸ ಅಮ್ಮನದು.