ಒಗರು ಒಳ್ಳೆಯದು, ಮಾತ್ರೆ ಬಿಡಬೇಡಿ

ತುಡಿಯಲೂರಿನ ಸುತ್ತಿನ ನಮ್ಮ ಕನ್ನಡ ಬೇಸಾಯಗಾರರು ಆಗಾಗ ಕೇಳುವುದುಂಟು: “ನುಗ್ಗೆಸೊಪ್ಪಿನ ಸಾರು ಕುಡಿಯುತ್ತಿದ್ದೇವಲ್ಲ, ರಕ್ತದೊತ್ತಡದ ಮಾತ್ರೆ ಇನ್ನೇಕೆ ಮೇಷ್ಟ್ರೇ?” ಈ ಮಾತು ಅರ್ಧ ನಿಜ, ಉಳಿದರ್ಧ ಅಪಾಯ. ಆದ್ದರಿಂದ ಬರೆಯುತ್ತಿದ್ದೇವೆ.

ನೆಲ್ಲಿ, ಚಹ, ಕೋಕೋಗಳ ಒಗರಿಗೆ ಕಾರಣವಾದ ವಸ್ತುಗಳಿಗೆ ಪಾಲಿಫಿನಾಲ್ ಎಂದು ಹೆಸರು. ನುಗ್ಗೆಸೊಪ್ಪು, ಸಣ್ಣ ಈರುಳ್ಳಿಗಳಲ್ಲಿಯೂ ಪಾಲಿಫಿನಾಲ್ ಉಂಟು. ಇವುಗಳಲ್ಲಿ ಕೆಲವು ರಕ್ತನಾಳವನ್ನು ಸಡಿಲಿಸುತ್ತವೆ. ಆದರೆ ಎಷ್ಟು? ಪೊಳ್ಳಾಚಿಯ ತೆಂಗಿನ ನೆರಳಲ್ಲಿ ಬೆಳೆಯುವ ಕೋಕೋವನ್ನೇ ನೋಡೋಣ. 35 ಪ್ರಯೋಗಗಳನ್ನು ಕೂಡಿಸಿ 2017ರಲ್ಲಿ ಪರಿಶೀಲಿಸಿದಾಗ, ಒತ್ತಡ ಸರಾಸರಿ 2 ಮಿಲಿಮೀಟರಿಗೂ ಕಡಿಮೆ ಇಳಿದಿತ್ತು. ಮೊದಲೇ ಹೆಚ್ಚಿದ್ದವರಲ್ಲಿ ಸುಮಾರು 4. ಅಂದರೆ 160 ಇದ್ದದ್ದು 156 ಆದೀತು. ಅಷ್ಟು ಸಾಲದು.

ಗಿಡದಿಂದ ಔಷಧ ಬಾರದೆಂದು ನಾವು ಹೇಳೆವು. ಸರ್ಪಗಂಧದ ಬೇರಿನ ಗುಣವನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಲೋಕಕ್ಕೆ ತಿಳಿಸಿದರು; 1952ರಲ್ಲಿ ಅದರಿಂದ ರಿಸರ್ಪೀನ್ ಬೇರ್ಪಟ್ಟಿತು. ಅದು ಪಾಲಿಫಿನಾಲಲ್ಲ, ಆಲ್ಕಲಾಯಿಡ್. ಅಳತೆ ಗೊತ್ತಾದ ಮೇಲೆ ಮಾತ್ರೆಯಾಯಿತು. ಗೊಬ್ಬರವನ್ನೂ ನಾವು ಅಳತೆಯಿಲ್ಲದೆ ಹಾಕುವುದಿಲ್ಲವಷ್ಟೆ! ಸೊಪ್ಪಿನ ಸಾರಿಗೆ ಆ ಅಳತೆ ಇನ್ನೂ ಇಲ್ಲ.

ಸೊಪ್ಪು, ಈರುಳ್ಳಿ, ನೆಲ್ಲಿ ಧಾರಾಳವಾಗಿ ತಿನ್ನಿ. ನೆಲ್ಲಿಯನ್ನು ಉಪ್ಪಿನಕಾಯಿ ಮಾಡಿದರೆ ಮಾತ್ರ ಬಂದ ಲಾಭ ಉಪ್ಪಿನಲ್ಲಿ ಹೋದೀತು. ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2021ರಲ್ಲಿ ನಮ್ಮ ರಾಜ್ಯದಲ್ಲಿ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾದ ಮೇಲೆ ಮಾತ್ರೆ ಮನೆಬಾಗಿಲಿಗೇ ಬಂದಿದೆ. ಅದನ್ನು ಡಬ್ಬಿಯಲ್ಲಿಟ್ಟು ಮರೆಯಬೇಡಿ. ಸಾರು ಊಟಕ್ಕಿರಲಿ, ಮಾತ್ರೆ ಕಾಯಿಲೆಗಿರಲಿ. ಬಿಡುವ ಮಾತನ್ನು ವೈದ್ಯರೇ ಹೇಳಲಿ.