ಸಾಕ್ಷ್ಯ ನೀಡಬೇಕಾದವರು ಯಾರು?

ಅಡಿಕೆ ತೋಟಕ್ಕೆ ಬೇರುಹುಳ ಬಿದ್ದರೆ, ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ತಗುಲಿದರೆ, ಮಲೆನಾಡಿನ ರೈತ ಗೊಬ್ಬರದಂಗಡಿಗೆ ಧಾವಿಸುತ್ತಾನೆ. ದಶಕಗಳಿಂದ ಅವನಿಗೆ ಪರಿಚಿತವಾದ ಹೆಸರು ಕ್ಲೋರ್‌ಪೈರಿಫಾಸ್. ಜನ ಅದನ್ನು 'ಔಷಧಿ' ಎನ್ನುತ್ತಾರೆ. ಮೋಸ ಆರಂಭವಾಗುವುದು ಈ ಮಾತಿನಿಂದಲೇ.

ಈ 'ಔಷಧಿ' ಮಾಡುವುದೇನು? ನರದಿಂದ ನರಕ್ಕೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವನ್ನು, ಕೆಲಸ ಮುಗಿದೊಡನೆ ಒಡೆಯುವ ಕಿಣ್ವವೊಂದಿದೆ. ಕ್ಲೋರ್‌ಪೈರಿಫಾಸ್ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಸಂದೇಶ ನಿಲ್ಲುವುದಿಲ್ಲ, ಕೀಟ ಸೆಟೆದು ಸಾಯುತ್ತದೆ. ಅದೇ ಬಗೆಯ ಕಿಣ್ವ ಮನುಷ್ಯನ ಮೆದುಳಿನಲ್ಲಿಯೂ ಇದೆ. ಹುಳ ಯಾವುದು, ಹಸುಳೆ ಯಾವುದು ಎಂಬ ವಿವೇಕ ವಿಷಕ್ಕಿಲ್ಲ.

ಸಿಂಪಡಿಸಿದ್ದು ಸಿಂಪಡಿಸಿದಲ್ಲಿಯೇ ಉಳಿಯುವುದೂ ಇಲ್ಲ. ಅದರ ಒಂದು ಭಾಗ ಆವಿಯಾಗಿ ಗಾಳಿಗೇರುತ್ತದೆ. ವಾತಾವರಣದಲ್ಲಿ ಉತ್ಕರ್ಷಣೆಗೊಂಡು ಮೂಲಕ್ಕಿಂತ ಉಗ್ರವಾದ 'ಆಕ್ಸಾನ್' ರೂಪ ತಾಳುತ್ತದೆ. ಕ್ಯಾಲಿಫೋರ್ನಿಯಾದ ಬಯಲಿನ ಹೊಲಗಳಿಗೆ ಬಳಸಿದ ಈ ವಿಷ ಸಿಯೆರಾ ನೆವಾಡ ಪರ್ವತಗಳ ಗಾಳಿಯಲ್ಲಿ, ಹಿಮದಲ್ಲಿ ಪತ್ತೆಯಾಗಿದೆ. ತೋಟಕ್ಕೆ ಬೇಲಿಯುಂಟು, ಗಾಳಿಗೆಲ್ಲಿಯ ಬೇಲಿ?

ಇನ್ನು ಮೆದುಳಿನ ಮಾತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹೊಕ್ಕುಳಬಳ್ಳಿಯ ರಕ್ತದಲ್ಲಿ ಈ ವಿಷವನ್ನು ಅಳೆದು, ಅದೇ ಮಕ್ಕಳನ್ನು ಏಳನೆಯ ವಯಸ್ಸಿನಲ್ಲಿ ಪರೀಕ್ಷಿಸಿದರು. 265 ಮಕ್ಕಳ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಗರ್ಭದಲ್ಲಿ ವಿಷದ ಪ್ರಮಾಣ ಹೆಚ್ಚಿದಷ್ಟೂ ಬುದ್ಧಿಸೂಚ್ಯಂಕವೂ ಸ್ಮರಣಶಕ್ತಿಯೂ ಕುಗ್ಗಿದ್ದವು. 2012ರಲ್ಲಿ 40 ಮಕ್ಕಳ ಮೆದುಳಿನ ಚಿತ್ರಣ ನಡೆಸಿದಾಗ, ಹೆಚ್ಚು ವಿಷ ತಾಗಿದವರ ಮೆದುಳಿನ ರಚನೆಯಲ್ಲಿಯೇ ವ್ಯತ್ಯಾಸ ಕಂಡಿತು. ಆ ತಾಯಂದಿರು ಬೆನ್ನಿಗೆ ಪಂಪು ಕಟ್ಟಿ ತೋಟ ಸುತ್ತಿದವರಲ್ಲ, ಮಹಾನಗರದ ನಿವಾಸಿಗಳು. ಅಲ್ಲಿ ಆಗ ಮನೆಯ ಜಿರಲೆಗಳಿಗೂ ಈ ವಿಷವನ್ನು ಬಳಸಲಾಗುತ್ತಿತ್ತು.

'ಇದು ಕೇವಲ ಸಂಬಂಧ, ಕಾರಣವಲ್ಲ' ಎಂಬುದು ಮಾರುವವರ ವಾದ. ಒಂದೇ ಅಧ್ಯಯನದಿಂದ ಎಲ್ಲವೂ ಸಿದ್ಧವಾಗದೆಂಬುದು ನಿಜ. ಆದರೆ ರಸಾಯನಶಾಸ್ತ್ರ, ವಾಯುವಿಜ್ಞಾನ, ನರವಿಜ್ಞಾನ ಮೂರೂ ಒಂದೇ ಕಡೆಗೆ ಬೆರಳು ತೋರುವಾಗ ಇನ್ನಾವ ಸಾಕ್ಷ್ಯಕ್ಕಾಗಿ ಕಾಯಬೇಕು? ತಯಾರಕರೇ ಹಣ ನೀಡಿ ಮಾಡಿಸಿದ ಇಲಿಗಳ ಪ್ರಯೋಗದ ಮೂಲ ಅಂಕಿಅಂಶಗಳನ್ನು ಸ್ವೀಡನ್ನಿನ ವಿಜ್ಞಾನಿ ಆಕ್ಸೆಲ್ ಮಿಯೆ ಮತ್ತು ಸಂಗಡಿಗರು ಮರುಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಕಡಿಮೆ ಪ್ರಮಾಣದಲ್ಲಿಯೂ ಮರಿಗಳ ಕಿರುಮೆದುಳಿಗೆ ಆದ ಪರಿಣಾಮವನ್ನು ಮೂಲ ವರದಿಯ ತೀರ್ಮಾನ ಬಿಟ್ಟುಬಿಟ್ಟಿತ್ತು! 2020ರಲ್ಲಿ ಐರೋಪ್ಯ ಒಕ್ಕೂಟ ಇದರ ಅನುಮತಿಯನ್ನು ನವೀಕರಿಸಲಿಲ್ಲ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಇದನ್ನು, ಕೆಲವು ವಿನಾಯಿತಿಗಳೊಡನೆ, ತೊಡೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ? 2020ರ ಮೇ ತಿಂಗಳ ಕರಡು ಆದೇಶ 27 ಕೀಟನಾಶಕಗಳ ನಿಷೇಧವನ್ನು ಸೂಚಿಸಿತ್ತು, ಕ್ಲೋರ್‌ಪೈರಿಫಾಸ್ ಅದರಲ್ಲಿತ್ತು. 2023ರ ಅಂತಿಮ ಆದೇಶದಲ್ಲಿ ಪೂರ್ಣ ನಿಷೇಧಕ್ಕೆ ಒಳಗಾದವು ಮೂರೇ ಮೂರು, ಅವುಗಳಲ್ಲಿ ಇದಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಎಂಡೋಸಲ್ಫಾನ್ ಸುರಿಯಿತು. ಅದರ ನಿಷೇಧಕ್ಕೆ 2011ರಲ್ಲಿ ಸುಪ್ರೀಂ ಕೋರ್ಟೇ ಮುಂದಾಗಬೇಕಾಯಿತು. ಅಷ್ಟರಲ್ಲಿ ಒಂದು ಪೀಳಿಗೆ ಬೆಳೆದಿತ್ತು. ಆ ಪಾಠವೂ ಸಾಲದೆ?

'ವಿಷವಿಲ್ಲದೆ ಬೆಳೆ ಉಳಿಯುವುದೆ?' ಎಂಬ ರೈತನ ಪ್ರಶ್ನೆ ನ್ಯಾಯವಾದದ್ದು. ಸಾಲ ಹೊತ್ತವನು ಅವನೇ. ಕಾಂಡಕೊರಕ ಬಿಸಿಲು ಬೀಳುವ ಗಿಡಗಳನ್ನು ಅರಸುತ್ತದೆ. ನೆರಳುಮರ ಉಳಿಸುವುದು, ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಹುಳಬಿದ್ದ ಗಿಡ ಕಿತ್ತು ಸುಡುವುದು ಕಾಫಿ ಬೆಳೆಗಾರರು ಬಲ್ಲ ಕ್ರಮಗಳು. ಮುಂಗಾರಿನ ಸಂಜೆಗಳಲ್ಲಿ ಮಣ್ಣಿನಿಂದೇಳುವ ದುಂಬಿಗಳನ್ನು ಊರವರೆಲ್ಲ ಕೂಡಿ ಹಿಡಿದರೆ ಬೇರುಹುಳದ ಸಂತತಿ ತಗ್ಗುತ್ತದೆ. ಇದಕ್ಕೆ ಆಳು ಬೇಕು, ಹಣ ಬೇಕು. ಆ ವೆಚ್ಚವನ್ನು ಸರ್ಕಾರ ಭರಿಸಲಿ.

ವಿಷದಿಂದ ಕೆಡುಕಾಯಿತೆಂದು ತಾಯಿಯೂ ಮಗುವೂ ಸಾಬೀತುಪಡಿಸಬೇಕೆಂಬ ನಿಯಮ ತಲೆಕೆಳಗಾಗಬೇಕು. ನಿರಪಾಯವೆಂದು ಸಾಬೀತುಪಡಿಸುವ ಹೊಣೆ ಮಾರುವವರದು. ಗ್ರಾಮಸಭೆಗಳು ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಯಲಿ. ಓದುವ ಮಕ್ಕಳು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಮನೆಯ ಹಿರಿಯರಿಗೆ ಓದಿ ಹೇಳಲಿ.